112, 108ಕ್ಕೆ ಕರೆ ಮಾಡಿದಾಗ ಅವರು ಯಾಕೆ ಅಷ್ಟು ಪ್ರಶ್ನೆ ಕೇಳುತ್ತಾರೆ, ನಾವು ಏನು ಹೇಳಬೇಕು

“ಅಪ್ಪಗ ಉಸಿರಾಡಾಕ ಆಗವಲ್ದು. ಇವ್ರು ನೋಡಿದ್ರ ತಾಲ್ಲೂಕು ಯಾವ್ದು, ಊರಾಗ ಎಲ್ಲಿ ಅಂತ ಕೇಳ್ಕೋತ ಕುಂತಾರ. ಮೊದ್ಲು ಗಾಡಿ ಕಳ್ಸಾಕ ಏನಾಗೈತಿ?”

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಮನೆಯವರು ಕಣ್ಣೆದುರು ಒದ್ದಾಡುವಾಗ ಒಂದೊಂದು ಪ್ರಶ್ನೆಯೂ ಒಂದೊಂದು ಗಂಟೆ ಹಿಡಿದ ಹಾಗೆ ಅನಿಸುತ್ತದೆ. ಆದರೆ ಆ ಸಿಟ್ಟಿನ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ಎಲ್ಲ ಪ್ರಶ್ನೆ ಮುಗಿದ ಮೇಲೆಯೇ ಗಾಡಿ ಹೊರಡುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ಹಾಗಲ್ಲ. ಎಲ್ಲಿ, ಏನಾಗಿದೆ, ಈ ಎರಡು ಸಿಕ್ಕರೆ ಗಾಡಿ ಕಳಿಸುವ ಕೆಲಸ ಶುರುವಾಗುತ್ತದೆ. ಉಳಿದ ಪ್ರಶ್ನೆಗಳು ಎಂಥ ಗಾಡಿ ಬೇಕು, ಅದು ಬರುವ ತನಕ ನೀವು ಏನು ಮಾಡಬೇಕು ಎಂಬುದಕ್ಕೆ. ತಡ ಆಗುವುದು ಪ್ರಶ್ನೆಯಿಂದಲ್ಲ. ಹೆಚ್ಚಾಗಿ ‘ಎಲ್ಲಿ’ ಎಂಬುದಕ್ಕೆ ಸರಿಯಾದ ಉತ್ತರ ಸಿಗದೆ ತಡ ಆಗುತ್ತದೆ.

ಅದಕ್ಕೇ ಈ ಲೇಖನದ ಅರ್ಧದಷ್ಟು ಜಾಗ ‘ಎಲ್ಲಿ’ ಎಂಬುದನ್ನು ಹೇಳುವುದು ಹೇಗೆ ಎಂಬುದಕ್ಕೇ ಹೋಗಿದೆ. ಬೇಜಾರು ಮಾಡಿಕೊಳ್ಳದೆ ಓದಿ.

ನೀವು ಡಯಲ್ ಮಾಡಿದಾಗ ಆ ಕಡೆ ಏನಾಗುತ್ತದೆ

ಮೊದಲು ತಿಳಿಯಬೇಕಾದ ಮಾತು: ಫೋನ್ ಎತ್ತುವವರು ನಿಮ್ಮ ಊರಿನವರಲ್ಲ. 108 ಆಗಲಿ, 112 ಆಗಲಿ, ಇಡೀ ರಾಜ್ಯದ ಕರೆ ನೋಡಿಕೊಳ್ಳುವ ವ್ಯವಸ್ಥೆ. ಅವರಿಗೆ 31 ಜಿಲ್ಲೆಗಳಿಂದ ಫೋನ್ ಬರುತ್ತದೆ. ನಿಮಗೆ ‘ಬಸ್ ಸ್ಟ್ಯಾಂಡ್ ಹತ್ರ’ ಎಂದರೆ ಒಂದೇ ಜಾಗ. ಅವರಿಗೆ ಅದು ಸಾವಿರ ಜಾಗ.

112 ಎಂದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಒಂದೇ ನಂಬರ್. ದೇಶಕ್ಕೆಲ್ಲ ಒಂದೇ ನಂಬರ್ ಇರಬೇಕು ಎಂಬ ಮಾತು 2012ರ ದೆಹಲಿಯ ನಿರ್ಭಯಾ ಪ್ರಕರಣದ ನಂತರ ಗಟ್ಟಿಯಾಯಿತು. 2018ರಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲು ಶುರುವಾಗಿ ಆಮೇಲೆ ಬೇರೆ ರಾಜ್ಯಗಳಿಗೆ ಬಂತು. ಅಲ್ಲಿ ಕೆಲಸ ಎರಡು ಕೈಗಳಲ್ಲಿ ನಡೆಯುತ್ತದೆ. ಒಬ್ಬರು ನಿಮ್ಮ ಮಾತು ಕೇಳಿ ಕಂಪ್ಯೂಟರ್‌ನಲ್ಲಿ ಬರೆದುಕೊಳ್ಳುತ್ತಾರೆ. ಇವರನ್ನು ಕಾಲ್ ಟೇಕರ್ ಎನ್ನುತ್ತಾರೆ. ಅವರು ಬರೆದದ್ದು ಒಂದು ‘ಈವೆಂಟ್’ ಆಗುತ್ತದೆ, ಅಂದರೆ ನಿಮ್ಮ ಘಟನೆಗೆ ಒಂದು ನಂಬರ್ ಬೀಳುತ್ತದೆ. ಇನ್ನೊಬ್ಬರು ಅದನ್ನು ನೋಡಿ ಹತ್ತಿರದ ಗಾಡಿಯನ್ನು ಕಳಿಸುತ್ತಾರೆ. ಇವರು ಡಿಸ್ಪ್ಯಾಚರ್. ನಿಮ್ಮ ಜೊತೆ ಮಾತಾಡುವವರು ಒಬ್ಬರು, ಗಾಡಿ ಹೊರಡಿಸುವವರು ಇನ್ನೊಬ್ಬರು. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಸಿಟ್ಟು ಇಳಿಯುತ್ತದೆ.

108 ನಮ್ಮಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಶುರುವಾದ ಉಚಿತ ಆಂಬುಲೆನ್ಸ್ ಸೇವೆ. ಇಲ್ಲೂ ಅದೇ ರೀತಿ: ಕರೆ ಕೇಳುವವರು, ಗಾಡಿ ಗೊತ್ತುಮಾಡುವವರು, ಆಮೇಲೆ ಗಾಡಿಯಲ್ಲಿ ಬರುವವರು. ಗಾಡಿಯಲ್ಲಿ ಇಬ್ಬರು ಇರುತ್ತಾರೆ. ಡ್ರೈವರ್‌ಗೆ ಅವರ ಭಾಷೆಯಲ್ಲಿ ‘ಪೈಲಟ್’ ಎನ್ನುತ್ತಾರೆ. ಇನ್ನೊಬ್ಬರು ಸ್ಟಾಫ್ ನರ್ಸ್ ಅಥವಾ ಇ.ಎಂ.ಟಿ., ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದವರು. “ನಾನು ಪೈಲಟ್ ಮಾತಾಡ್ತಾ ಇದ್ದೀನಿ” ಎಂದು ಫೋನ್ ಬಂದರೆ ರಾಂಗ್ ನಂಬರ್ ಎಂದು ಇಟ್ಟುಬಿಡಬೇಡಿ. ಅದು ನಿಮ್ಮ ಆಂಬುಲೆನ್ಸ್ ಡ್ರೈವರ್.

ಇನ್ನೊಂದು ತಪ್ಪು ನಂಬಿಕೆ: “ಫೋನ್ ಮಾಡಿದ ಕೂಡಲೇ ನಾವು ಎಲ್ಲಿದ್ದೀವಿ ಅಂತ ಅವರಿಗೆ ಕಾಣುತ್ತೆ.” ಪೂರ್ತಿ ನಿಜವಲ್ಲ. ಅವರಿಗೆ ಸಿಗುವುದು ಹೆಚ್ಚಾಗಿ ಮೊಬೈಲ್ ಟವರ್ ಮೇಲಿನ ಅಂದಾಜು. ಟವರ್‌ಗಳು ಒತ್ತೊತ್ತಾಗಿರುವ ಪೇಟೆಯಲ್ಲಿ ಆ ಅಂದಾಜು ಹತ್ತಿರಕ್ಕೆ ಬರುತ್ತದೆ. ದೇವದುರ್ಗ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಟವರ್ ದೂರ ದೂರ. ಅಲ್ಲಿ ಅದು ಕಿಲೋಮೀಟರ್‌ಗಟ್ಟಲೆ ಅಗಲದ ಒಂದು ವೃತ್ತ. ಆ ವೃತ್ತದೊಳಗೆ ಎರಡು ಊರು, ಒಂದು ತಾಂಡಾ, ಮೂರು ಕ್ಯಾಂಪ್ (ಕಾಲುವೆ ಬಂದ ಮೇಲೆ ಎದ್ದ ಸಣ್ಣ ಊರುಗಳು) ಇರಬಹುದು. ಯಾವುದು ಎಂದು ನೀವೇ ಹೇಳಬೇಕು.

ಯಾವ ನಂಬರ್?

ಗೊಂದಲ ಇದ್ದರೆ 112. ಇದಕ್ಕಿಂತ ಜಾಸ್ತಿ ಯೋಚನೆ ಬೇಡ. ಬರೀ ಕಾಯಿಲೆ, ಹೆರಿಗೆ, ಗಾಯ ಎಂದಾದರೆ ನೇರವಾಗಿ 108. ಬೆಂಕಿಗೆ 101 ಕೂಡ ಇದೆ. ಮಕ್ಕಳ ತೊಂದರೆಗೆ 1098, ಹೆಣ್ಣುಮಕ್ಕಳಿಗೆ 181, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಫೋನ್‌ನಲ್ಲಿ ಮೋಸ ಮಾಡಿ ದುಡ್ಡು ಎಳೆದುಕೊಂಡಿದ್ದರೆ ಆ ಕ್ಷಣವೇ 1930. ಇದರಲ್ಲಿ ಪ್ರತಿ ನಿಮಿಷವೂ ಲೆಕ್ಕ, ದುಡ್ಡು ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಯಬೇಕು. ಮನಸ್ಸು ತೀರಾ ಕುಸಿದು ಬದುಕೇ ಬೇಡ ಅನಿಸುತ್ತಿದ್ದರೆ ಟೆಲಿ ಮಾನಸ್, 14416.

ಕರೆಂಟ್ ಹೋದರೆ, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರೆ 1912, ಅದು ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂನವರದ್ದು. ಸುಮ್ನೆ ಆರೋಗ್ಯದ ಸಲಹೆ ಬೇಕಿದ್ದರೆ 104. ನಲ್ಲಿ ನೀರು ಬಂದಿಲ್ಲ, ರೇಷನ್ ಕೊಟ್ಟಿಲ್ಲ, ಹೊಲದ ಬದುವಿನ ಜಗಳ ಎಂದು 112ಕ್ಕೆ ಮಾಡಬೇಡಿ. ಬದುವಿನ ಜಗಳದಲ್ಲಿ ಕೊಡಲಿ ಎತ್ತಿದ್ದರೆ ಆಗ ಮಾಡಿ, ತಡಮಾಡದೆ ಮಾಡಿ.

ಇನ್ನು ಹಂತಗಳಿಗೆ ಬರೋಣ.

ಹಂತ 1: ಇವತ್ತೇ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿ

ಆಪತ್ತು ಬಂದಾಗ ತಲೆ ಓಡುವುದಿಲ್ಲ. ಓದಿಕೊಂಡವರಿಗೂ ತಮ್ಮ ಮನೆಯ ವಿಳಾಸ ನಾಲಿಗೆಗೆ ಬರುವುದಿಲ್ಲ. ಆದ್ದರಿಂದ ಈಗಲೇ ಒಂದು ಹಾಳೆ ತಗೊಂಡು ದೊಡ್ಡ ಅಕ್ಷರದಲ್ಲಿ ಈ ಕ್ರಮದಲ್ಲೇ ಬರೆಯಿರಿ: ಜಿಲ್ಲೆ, ತಾಲ್ಲೂಕು, ಊರು, ಊರೊಳಗೆ ಓಣಿ, ಎಲ್ಲರಿಗೂ ಗೊತ್ತಿರುವ ಗುರುತು, ಮುಖ್ಯ ರಸ್ತೆಯಿಂದ ಬರುವ ದಾರಿ, ಎರಡು ಫೋನ್ ನಂಬರ್.

ಜಿಲ್ಲೆಯಿಂದಲೇ ಯಾಕೆ ಶುರು ಮಾಡಬೇಕು? ಒಂದು ಉದಾಹರಣೆ ಸಾಕು. ಸಿರವಾರ ಎಂದರೆ ರಾಯಚೂರು ಜಿಲ್ಲೆಯ ತಾಲ್ಲೂಕು ಕೇಂದ್ರ. ಬಳ್ಳಾರಿ ತಾಲ್ಲೂಕಿನಲ್ಲಿ ಸಿರಿವಾರ ಇದೆ, ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಬರೀ “ಸಿರಿವಾರ ಸರ್” ಎಂದರೆ ಯಾವ ಜಿಲ್ಲೆಯ ಗಾಡಿ ಹೊರಡಬೇಕು? ಹೊಸೂರು, ಹೊಸಹಳ್ಳಿ ಎಂಬ ಹೆಸರಂತೂ ಎಲ್ಲ ಕಡೆ ಇದೆ.

ನಮ್ಮ ಕಡೆಯ ಇನ್ನೊಂದು ಕಷ್ಟ ಕ್ಯಾಂಪ್‌ಗಳು. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿಂಧನೂರು, ಗಂಗಾವತಿ, ಕಾರಟಗಿ, ಮಾನ್ವಿ, ಸಿರುಗುಪ್ಪ ಕಡೆ ಎಷ್ಟೊಂದು ಕ್ಯಾಂಪ್ ಎದ್ದಿವೆ. ಕೆಲವಕ್ಕೆ ಎರಡೆರಡು ಹೆಸರು, ಒಂದು ಕಾಗದದಲ್ಲಿ, ಇನ್ನೊಂದು ಜನರ ಬಾಯಲ್ಲಿ. ಚೀಟಿಯಲ್ಲಿ ಎರಡನ್ನೂ ಬರೆಯಿರಿ. ಯಾವ ಗ್ರಾಮ ಪಂಚಾಯ್ತಿಗೆ ಸೇರುತ್ತದೆ ಎಂದೂ ಬರೆಯಿರಿ. ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಇರುವವರು ಕ್ಯಾಂಪಿನ ನಂಬರ್ ಬಿಡಲೇಬೇಡಿ. ‘ಆರ್.ಎಚ್. ಕ್ಯಾಂಪ್’ ಎಂದಷ್ಟೇ ಹೇಳಿದರೆ ಒಂದೋ, ಎರಡೋ, ಮೂರೋ, ನಾಲ್ಕೋ ಗೊತ್ತಾಗುವುದಿಲ್ಲ. ತಾಂಡಾದವರು ‘ತಾಂಡಾ’ ಎನ್ನುವುದಷ್ಟೇ ಅಲ್ಲ, ಹತ್ತಿರದ ಊರಿನ ಹೆಸರನ್ನೂ ಜೋಡಿಸಿ ಹೇಳಿ.

ಗುರುತು ಕೊಡುವಾಗ ಹೊರಗಿನವರ ಕಣ್ಣಿಂದ ನೋಡಿ. ‘ಗೌಡರ ಮನೆ ಹಿಂದೆ’ ಡ್ರೈವರ್‌ಗೆ ಗೊತ್ತಿಲ್ಲ. ನೀರಿನ ಟ್ಯಾಂಕ್, ಹಾಲಿನ ಡೈರಿ, ಪೆಟ್ರೋಲ್ ಬಂಕ್, ರೈಸ್ ಮಿಲ್, ಮೊಬೈಲ್ ಟವರ್, ಮಸೀದಿ ಮಿನಾರು, ಗುಡಿಯ ಗೋಪುರ, ಇವು ದೂರದಿಂದ ಕಾಣುತ್ತವೆ. ನಮ್ಮ ಓಣಿಯಲ್ಲಿ ಒಮ್ಮೆ ‘ಶಾಲೆ ಹತ್ರ’ ಎಂದು ಹೇಳಿದ್ದಕ್ಕೆ ಗಾಡಿ ಊರಿನ ಇನ್ನೊಂದು ತುದಿಯ ಶಾಲೆಗೆ ಹೋಗಿ ನಿಂತಿತ್ತು. ಊರಲ್ಲಿ ಮೂರು ಶಾಲೆ ಇದ್ದವು.

ಹೊಲದಲ್ಲಿ ಮನೆ ಇದ್ದವರಿಗೆ ಇನ್ನೊಂದು ದಾರಿ. ಫೋನ್‌ನ ಮ್ಯಾಪ್ ತೆರೆದು ನೀವು ನಿಂತ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಉದ್ದದ ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಇವನ್ನೂ ಚೀಟಿಯಲ್ಲಿ ಬರೆದಿಡಿ. ಸರಿ ಇದೆಯಾ ಎಂದು ನೋಡಲು ಸುಲಭದ ದಾರಿ: ನಮ್ಮ ಮೂರು ಜಿಲ್ಲೆಗಳಲ್ಲಿ ಮೊದಲ ಸಂಖ್ಯೆ 15, 16ರ ಆಸುಪಾಸು ಇರುತ್ತದೆ, ಎರಡನೆಯದು 76, 77ರ ಆಸುಪಾಸು. ಬೇರೆ ಏನೋ ಬಂದಿದ್ದರೆ ಎಲ್ಲೋ ತಪ್ಪಾಗಿದೆ. ಫೋನಿನಲ್ಲಿ ಓದುವಾಗ ಒಂದೊಂದೇ ಅಂಕಿ ನಿಧಾನವಾಗಿ ಹೇಳಿ.

ಹಂತ 2: ಡಯಲ್ ಮಾಡಿ, ಎತ್ತುವ ತನಕ ಕಾಯಿರಿ

ಬ್ಯಾಲೆನ್ಸ್ ಇಲ್ಲದಿದ್ದರೂ ಕರೆ ಹೋಗುತ್ತದೆ. ಫೋನ್ ಲಾಕ್ ಆಗಿದ್ದರೂ ಪರದೆಯ ಮೇಲಿನ ‘ಎಮರ್ಜೆನ್ಸಿ’ ಒತ್ತಿ 112 ಹೊಡೆಯಬಹುದು. ಸಿಗ್ನಲ್ ಜಾಗದಲ್ಲಿ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದು ಬಂದರೆ ಕೈಚೆಲ್ಲಬೇಡಿ. ನಿಮ್ಮ ಕಂಪನಿಯ ಟವರ್ ಸಿಗದಿದ್ದರೂ ಬೇರೆಯವರ ಟವರ್ ಮೂಲಕ ಕರೆ ಹೋಗಬಹುದು ಎಂಬುದೇ ಅದರ ಅರ್ಥ. ಆಗ 112ನ್ನೇ ಹೊಡೆಯಿರಿ.

ನಂಬರ್ ಒತ್ತಲೂ ಆಗದ ಸ್ಥಿತಿಗೆ ಪ್ಯಾನಿಕ್ ಬಟನ್ ಇದೆ. ಸ್ಮಾರ್ಟ್‌ಫೋನ್‌ನಲ್ಲಿ ಪವರ್ ಬಟನ್ ಬೇಗ ಬೇಗ ಮೂರು ಸಲ, ಕೆಲವು ಫೋನ್‌ಗಳಲ್ಲಿ ಐದು ಸಲ. ಕೀಪ್ಯಾಡ್ ಫೋನ್‌ನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ನಿಮ್ಮ ಫೋನ್‌ನಲ್ಲಿ ಯಾವುದು ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿಟ್ಟುಕೊಳ್ಳಿ. ಆದರೆ ನೋಡುವ ನೆಪದಲ್ಲಿ ಒತ್ತಿ ಪರೀಕ್ಷೆ ಮಾಡಬೇಡಿ.

ಇಲ್ಲಿ ಆಗುವ ದೊಡ್ಡ ತಪ್ಪು ಇದು. ಎರಡು ರಿಂಗ್ ಆಗುವಷ್ಟರಲ್ಲಿ ಕಟ್ ಮಾಡಿ ಮತ್ತೆ ಹೊಡೆಯುತ್ತಾರೆ. ಕಟ್ ಮಾಡಿದರೆ ಸಾಲಿನಲ್ಲಿ ಮತ್ತೆ ಹಿಂದಕ್ಕೆ ಹೋಗುತ್ತೀರಿ. ಅಷ್ಟೇ ಅಲ್ಲ, ಅರ್ಧಕ್ಕೆ ನಿಂತ ಕರೆಯೂ ಅವರಿಗೆ ಕೆಲಸವೇ. ಯಾರಿಗೋ ಮಾತಾಡಲು ಆಗದೆ ಕಟ್ ಆಯಿತೇನೋ ಎಂದು ಅವರು ವಾಪಸ್ ಕರೆ ಮಾಡಬೇಕಾಗುತ್ತದೆ. ಇನ್ನೊಂದು: ಒಂದೇ ಅಪಘಾತಕ್ಕೆ ಸುತ್ತ ನಿಂತ ಹತ್ತು ಜನರೂ ಹತ್ತು ಫೋನ್ ಹಚ್ಚುವುದು ಬೇಡ. ಒಬ್ಬರು ಮಾತಾಡಿ, ಉಳಿದವರು ಗಾಯಾಳುವನ್ನು ನೋಡಿ. ಹಾಗೆಂದು “ಯಾರೋ ಮಾಡಿರ್ತಾರೆ ಬಿಡು” ಎಂದು ಎಲ್ಲರೂ ಸುಮ್ಮನಾಗುವುದು ಇನ್ನೂ ಕೆಟ್ಟದ್ದು. “ಯಾರು ಫೋನ್ ಮಾಡಿದ್ರಿ?” ಎಂದು ಜೋರಾಗಿ ಕೇಳಿ. ಯಾರೂ ಕೈ ಎತ್ತದಿದ್ದರೆ ನೀವೇ ಮಾಡಿ.

ಹಂತ 3: ಮೊದಲು ಜಾಗ, ಆಮೇಲೆ ಕಥೆ

ನಾವು ಶುರು ಮಾಡುವುದು ಹೀಗೆ: “ಸರ್, ಬೆಳಿಗ್ಗೆ ಚೆನ್ನಾಗೇ ಇದ್ರು, ಹೊಲಕ್ಕೆ ಹೋಗಿದ್ರು, ಊಟ ಮಾಡಿ ಮಲಗಿದ್ರು...” ಅಷ್ಟರಲ್ಲಿ ಲೈನ್ ಕಟ್ ಆದರೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಜಾಗ ಮೊದಲು ಹೇಳಿದ್ದರೆ, ಕಟ್ ಆದರೂ ಗಾಡಿ ಎತ್ತ ಹೋಗಬೇಕು ಎಂದು ಅವರಿಗೆ ಗೊತ್ತಿರುತ್ತದೆ.

ಹೀಗೆ ಹೇಳಿ ನೋಡಿ:

“ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕು, ಊರು ತಾವರಗೇರಾ. ನೀರಿನ ಟ್ಯಾಂಕ್ ಹಿಂದಿನ ಓಣಿ. ನಮ್ಮ ತಂದೆಗೆ 60 ವರ್ಷ. ಎದೆ ನೋವು, ಬೆವರುತ್ತಿದ್ದಾರೆ. ಎಚ್ಚರ ಇದೆ.”

ಹದಿನೈದು ಸೆಕೆಂಡ್ ಕೂಡ ಆಗಲಿಲ್ಲ ಅಲ್ವಾ? ಇದಾದ ಮೇಲೆ ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ.

ನಮ್ಮ ಮಾತಿನ ಧಾಟಿ ಅವರಿಗೆ ತಿಳಿಯುತ್ತದೋ ಇಲ್ಲವೋ ಎಂಬ ಅಳುಕು ಕೆಲವರಿಗೆ. “ಎದಿ ನೋವು”, “ದಮ್ಮು ಹತ್ತೈತಿ” ಎಂದೇ ಹೇಳಿ, ನಿಧಾನವಾಗಿ ಹೇಳಿ. ಪುಸ್ತಕದ ಕನ್ನಡ ಹುಡುಕುತ್ತಾ ಕೂರಬೇಡಿ. ಊರಿನ ಹೆಸರು ಮಾತ್ರ ಎರಡು ಸಲ ಹೇಳಿ, ಅವರಿಂದ ವಾಪಸ್ ಹೇಳಿಸಿ. ಹಟ್ಟಿಯಲ್ಲಿ ಇದ್ದವರು ‘ಹಟ್ಟಿ’ ಎಂದರೆ ಬೇರೆ ಕಡೆಯವರಿಗೆ ಅದು ಯಾವುದೋ ಹಾಡಿ, ಕೇರಿ ಅನಿಸಬಹುದು. ‘ಲಿಂಗಸುಗೂರು ತಾಲ್ಲೂಕು, ಹಟ್ಟಿ ಚಿನ್ನದ ಗಣಿ’ ಎನ್ನಿ.

ಹೆದ್ದಾರಿಯಲ್ಲಿ ಇದ್ದರೆ ರಸ್ತೆಯ ನಂಬರ್, ಎಲ್ಲಿಂದ ಎಲ್ಲಿಗೆ ಹೋಗುವ ಕಡೆ, ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲೆ ಬರೆದದ್ದು, ಈ ಮೂರು ಬೇಕು. ಕುಷ್ಟಗಿ–ಹೊಸಪೇಟೆ ರಸ್ತೆ 50, ಕೊಪ್ಪಳ–ಹೊಸಪೇಟೆ–ಬಳ್ಳಾರಿ ರಸ್ತೆ 67, ಲಿಂಗಸುಗೂರು–ಸಿಂಧನೂರು–ಸಿರುಗುಪ್ಪ–ಬಳ್ಳಾರಿ ರಸ್ತೆ 150ಎ. ‘ಯಾವ ಕಡೆ’ ಎಂಬುದನ್ನು ಮರೆಯಬೇಡಿ. ನಡುವೆ ಡಿವೈಡರ್ ಇದ್ದರೆ ಎದುರು ಬದಿಗೆ ಬಂದ ಗಾಡಿ ತಿರುಗಲು ದೂರ ಹೋಗಬೇಕು.

ಕಾಲುವೆ ದಂಡೆಯಲ್ಲಿ ಇದ್ದರೆ ಉಪಕಾಲುವೆಯ ನಂಬರ್ ಹೇಳಿದರೆ ಸಾಲದು. ಅದು ರೈತರಿಗೆ, ನೀರಾವರಿ ಇಲಾಖೆಯವರಿಗೆ ಗೊತ್ತು, ಆಂಬುಲೆನ್ಸ್‌ನವರಿಗೆ ಗೊತ್ತಿರಲಿಕ್ಕಿಲ್ಲ. ಯಾವ ಊರಿನ ಸೇತುವೆಯಿಂದ ಎಷ್ಟು ದೂರ, ಮೇಲಕ್ಕೋ ಕೆಳಕ್ಕೋ, ದಂಡೆ ಮೇಲೆ ಗಾಡಿ ಬರುತ್ತದೋ ಇಲ್ಲವೋ, ಇದನ್ನು ಹೇಳಿ.

ಹಂತ 4: ಕೇಳುವ ಪ್ರಶ್ನೆಗಳಿಗೆ ಸಿಟ್ಟಾಗದೆ ಉತ್ತರಿಸಿ

ಎಚ್ಚರ ಇದೆಯಾ? ಉಸಿರಾಟ ಹೇಗಿದೆ? ಎಷ್ಟು ಜನರಿಗೆ ಗಾಯ? ವಯಸ್ಸು? ಬಸುರಿಯಾ, ಎಷ್ಟನೇ ತಿಂಗಳು? ಒಂದೊಂದಕ್ಕೂ ಕಾರಣ ಇದೆ. ಆಂಬುಲೆನ್ಸ್‌ಗಳಲ್ಲಿ ಎರಡು ಬಗೆ. ಬಿ.ಎಲ್.ಎಸ್. ಎಂದರೆ ಆಕ್ಸಿಜನ್, ಸ್ಟ್ರೆಚರ್‌ನಂಥ ಮೂಲ ಸೌಲಭ್ಯದ ಗಾಡಿ. ಎ.ಎಲ್.ಎಸ್. ಎಂದರೆ ವೆಂಟಿಲೇಟರ್, ಹೃದಯದ ಬಡಿತ ನೋಡುವ ಯಂತ್ರ ಇರುವ ಗಾಡಿ. ಎರಡನೆಯ ಬಗೆ ಕಡಿಮೆ. ಅದು ಯಾರಿಗೆ ಹೋಗಬೇಕು ಎಂಬುದನ್ನು ನಿಮ್ಮ ಉತ್ತರವೇ ತೀರ್ಮಾನಿಸುತ್ತದೆ. ಗಾಯಾಳು ಒಬ್ಬರಾ, ಐವರಾ ಎಂಬುದರ ಮೇಲೆ ಎಷ್ಟು ಗಾಡಿ ಎಂದು ಗೊತ್ತಾಗುತ್ತದೆ.

ಗಾಡಿ ಬೇಗ ಬರಲಿ ಎಂದು ಇದ್ದದ್ದನ್ನು ದೊಡ್ಡದು ಮಾಡಿ ಹೇಳಬೇಡಿ. ಕಾಲು ಉಳುಕಿದವರಿಗೆ ‘ಪ್ರಜ್ಞೆ ಇಲ್ಲ’ ಎಂದರೆ, ಅದೇ ಹೊತ್ತಿಗೆ ಪಕ್ಕದ ಊರಲ್ಲಿ ನಿಜವಾಗಿ ಪ್ರಜ್ಞೆ ತಪ್ಪಿದವರಿಗೆ ಗಾಡಿ ಇರುವುದಿಲ್ಲ. ಹಾಗೆಯೇ ನಾಚಿಕೆಯಿಂದ ಮುಚ್ಚಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ ಕುಡಿದಿದ್ದರೆ “ಹೊಟ್ಟೆ ನೋವು” ಎಂದು ಹೇಳುವ ಮನೆಗಳಿವೆ. ಮರ್ಯಾದೆ ಆಮೇಲೆ ನೋಡಿಕೊಳ್ಳೋಣ. ಯಾವ ಔಷಧಿ ಎಂದು ಗೊತ್ತಾದರೆ ಚಿಕಿತ್ಸೆ ಬದಲಾಗುತ್ತದೆ. ಬಾಟಲಿಯನ್ನು ಜೊತೆಗೇ ಕಳಿಸಿ.

ಬೆಂಕಿಗೆ ಪ್ರಶ್ನೆ ಬೇರೆ. ಬಣವೆಗೋ, ಮನೆಗೋ, ಮಿಲ್ಲಿಗೋ? ಒಳಗೆ ಜನ ಇದ್ದಾರಾ? ಗ್ಯಾಸ್ ಸಿಲಿಂಡರ್ ಇದೆಯಾ? ದೊಡ್ಡ ಗಾಡಿ ಬರುವಷ್ಟು ದಾರಿ ಇದೆಯಾ, ಕರೆಂಟ್ ತಂತಿ ಕೆಳಗೆ ಜೋತು ಬಿದ್ದಿದೆಯಾ? ಹತ್ತಿರದಲ್ಲಿ ಕೆರೆ, ಕಾಲುವೆ, ಬೋರ್ ಇದೆಯಾ ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ಗಾಡಿಯ ನೀರು ಖಾಲಿಯಾದ ಮೇಲೆ ಅದೇ ದಿಕ್ಕು.

ಪೊಲೀಸರು ಬೇಕಿದ್ದರೆ: ಈಗ ನಡೆಯುತ್ತಿದೆಯಾ, ಮುಗಿದಿದೆಯಾ? ಕೈಯಲ್ಲಿ ಆಯುಧ ಇದೆಯಾ? ಓಡಿಹೋದವರ ಬೈಕ್ ಬಣ್ಣ, ನಂಬರ್, ಯಾವ ಕಡೆ ಹೋದರು? ನೀವು ಜೋರಾಗಿ ಮಾತಾಡಿದರೆ ಅಪಾಯ ಎನ್ನುವ ಜಾಗದಲ್ಲಿದ್ದರೆ ಅದನ್ನೇ ಮೊದಲು ಹೇಳಿ. “ಹೌದು, ಇಲ್ಲ ಅಷ್ಟೇ ಹೇಳಬಲ್ಲೆ” ಎಂದರೆ ಅವರು ಹಾಗೆ ಕೇಳಲು ದಾರಿಯಾಗುತ್ತದೆ.

ಹಂತ 5: ಅವರು ಹೇಳುವ ತನಕ ಫೋನ್ ಇಡಬೇಡಿ

ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಡಿ, ಕೈ ಖಾಲಿ ಇರಲಿ. ಉಸಿರಾಟ ನಿಂತಿದೆ ಎಂದರೆ ಎದೆ ಒತ್ತಲು ಹೇಳುತ್ತಾರೆ. ಎದೆಯ ನಟ್ಟನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಇದು ದೊಡ್ಡವರ ಲೆಕ್ಕ. ಭಯಪಟ್ಟು ಮೆಲ್ಲಗೆ ಒತ್ತಿದರೆ ಉಪಯೋಗ ಇಲ್ಲ. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು ಕೂಡಲೇ ಹಿಡಿಯಿರಿ.

ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ನಮ್ಮ ಕಡೆ ಮೊದಲು ಓಡಿ ತರುವುದೇ ನೀರಿನ ಚೊಂಬು. ಅದು ಶ್ವಾಸಕೋಶಕ್ಕೆ ಇಳಿಯಬಹುದು. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆ ಇಟ್ಟು ಬಿಡದೆ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ.

ಹಾವು ಕಚ್ಚಿದ್ದರೆ ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿದು ಕಟ್ಟುವುದು ಬೇಡ. ಕಚ್ಚಿದ ಕಾಲು, ಕೈ ಅಲುಗಾಡದ ಹಾಗೆ ಇಡಿ, ನಡೆಸಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಹಾವು ಹುಡುಕಿ ಹೊಡೆಯಲು ಹೋಗಬೇಡಿ. ಮಂತ್ರ ಹಾಕಿಸುವುದರಲ್ಲಿ ಕಳೆದ ಹೊತ್ತು ವಾಪಸ್ ಬರುವುದಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಅಂದರೆ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು. ಗದ್ದೆಯಲ್ಲಿ ಕೆಲಸ ಮಾಡುವ ನಮ್ಮ ಜನಕ್ಕೆ ಇದು ಎಷ್ಟು ಹತ್ತಿರದ ಅಪಾಯ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಕಾಲುವೆಗೆ ಬಿದ್ದವರನ್ನು ಉಳಿಸಲು ಈಜು ಬಾರದವರು ಹಾರಬೇಡಿ. ಹಗ್ಗ, ಸೀರೆ, ಉದ್ದನೆ ಬಿದಿರು ಚಾಚಿ. ಕರೆಂಟ್ ಹೊಡೆದವರನ್ನು ಮೇನ್ ಆಫ್ ಮಾಡದೆ ಮುಟ್ಟಬೇಡಿ. ಹೊಲದಲ್ಲಿ ತುಂಡಾದ ತಂತಿ ಬಿದ್ದಿದ್ದರೆ ದೂರವೇ ನಿಂತು 112ಕ್ಕೂ 1912ಕ್ಕೂ ಹೇಳಿ.

ಹಂತ 6: ಫೋನ್ ಖಾಲಿ ಇಡಿ, ಒಬ್ಬರನ್ನು ರಸ್ತೆಗೆ ಕಳಿಸಿ

ಇದು ಚಿಕ್ಕ ವಿಷಯ ಅನಿಸಬಹುದು. ನನ್ನ ಪ್ರಕಾರ ಅತಿ ಹೆಚ್ಚು ಹೊತ್ತು ವ್ಯರ್ಥವಾಗುವುದು ಇಲ್ಲೇ.

108ಕ್ಕೆ ಫೋನ್ ಇಟ್ಟ ಕೂಡಲೇ ನಾವು ಏನು ಮಾಡುತ್ತೇವೆ? ಅಕ್ಕನಿಗೆ, ಮಾವನಿಗೆ, ಚಿಕ್ಕಪ್ಪನಿಗೆ, ಬೆಂಗಳೂರಲ್ಲಿರುವ ತಮ್ಮನಿಗೆ ಒಬ್ಬೊಬ್ಬರಿಗೂ ಫೋನ್ ಹಚ್ಚುತ್ತೇವೆ. ಅದೇ ಹೊತ್ತಿಗೆ ಡ್ರೈವರ್ ನಿಮ್ಮ ನಂಬರಿಗೆ ದಾರಿ ಕೇಳಲು ಫೋನ್ ಮಾಡುತ್ತಿರುತ್ತಾನೆ. ಬಿಜಿ. ಮತ್ತೆ ಮಾಡಿದರೂ ಬಿಜಿ. ಗಾಡಿ ಊರ ಅಗಸಿಯಲ್ಲಿ ನಿಂತಿರುತ್ತದೆ, ನಾವು ಮನೆಯಲ್ಲಿ ‘ಇನ್ನೂ ಬಂದಿಲ್ಲ’ ಎಂದು ಬೈಯುತ್ತಿರುತ್ತೇವೆ. ಕರೆ ಮಾಡಿದ ಫೋನ್ ಮುಟ್ಟಬೇಡಿ. ಬಂಧುಗಳಿಗೆ ಇನ್ನೊಂದು ಫೋನ್‌ನಿಂದ ಹೇಳಿ. ಅಪರಿಚಿತ ನಂಬರ್ ಬಂದರೆ ಎತ್ತಿ. ಡ್ರೈವರ್ ನಂಬರ್ ಸಿಕ್ಕ ಮೇಲೆ ವಾಟ್ಸ್ಯಾಪ್‌ನಲ್ಲಿ ಲೊಕೇಶನ್ ಕಳಿಸಿ.

ಒಬ್ಬ ಹುಡುಗನನ್ನು ಬೈಕ್ ಕೊಟ್ಟು ಮುಖ್ಯ ರಸ್ತೆಯ ತಿರುವಿಗೆ ಕಳಿಸಿ. ರಾತ್ರಿಯಾದರೆ ಟಾರ್ಚ್ ಇರಲಿ, ಮನೆಯ ಹೊರಗಿನ ದೀಪ ಹಾಕಿ. ಓಣಿಯಲ್ಲಿ ನಿಂತ ಟ್ರ್ಯಾಕ್ಟರ್, ಎತ್ತಿನ ಬಂಡಿ, ಮದುವೆ ಚಪ್ಪರದ ಕಂಬ ಅಡ್ಡ ಇದ್ದರೆ ಸರಿಸಿಡಿ. ಸ್ಟ್ರೆಚರ್ ಒಳಗೆ ಬರುವಷ್ಟು ಜಾಗ ಮಾಡಿ. ಹಳೆಯ ಚೀಟಿ, ಮಾತ್ರೆ, ಆಧಾರ್ ಒಂದು ಚೀಲದಲ್ಲಿ ಹಾಕಿಡಿ. ಬಸುರಿಯಾದರೆ ತಾಯಿ ಕಾರ್ಡ್ ಮರೆಯಬೇಡಿ.

ಕಾಯದೆ ಬೇರೆ ಗಾಡಿಯಲ್ಲಿ ಹೊರಡುವುದಾದರೆ ಮೊದಲು 108ಕ್ಕೆ ಹೇಳಿ ಹೊರಡಿ. ನೀವು ಹೊರಟುಹೋದ ಮನೆಗೆ ಆ ಗಾಡಿ ಬಂದರೆ ಇನ್ನೊಬ್ಬರ ಪಾಲಿನ ಗಾಡಿ ಸುಮ್ನೆ ತಿರುಗಿದ ಹಾಗೆ. ದಾರಿಯಲ್ಲಿ ಎದುರಾಗಿ ಬದಲಿಸಿಕೊಳ್ಳಲು ಸಾಧ್ಯವೇ ಎಂದೂ ಅವರು ಹೇಳಬಹುದು.

ಹಂತ 7: ಗಾಡಿ ಬಂದ ಮೇಲೆ

ಎಲ್ಲಿಗೆ ಒಯ್ಯಬೇಕು ಎಂಬುದರಲ್ಲೇ ಜಗಳ ಶುರುವಾಗುತ್ತದೆ. 108ರವರು ಹತ್ತಿರದ, ಆ ಕಾಯಿಲೆಗೆ ಸರಿಹೊಂದುವ ಆಸ್ಪತ್ರೆಗೆ ಒಯ್ಯುತ್ತಾರೆ. ಮೊದಲು ತಾಲ್ಲೂಕು ಆಸ್ಪತ್ರೆ ಎಂದರೆ ಅದಕ್ಕೆ ಕಾರಣ ಇರುತ್ತದೆ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ದೂರ ಇದ್ದಾಗ, ಉಸಿರು, ರಕ್ತ ಹಿಡಿತಕ್ಕೆ ಬಾರದೆ ಅಷ್ಟು ದೂರ ಸಾಗಿಸುವುದು ಅಪಾಯ. ಜೊತೆಗೆ ಒಬ್ಬರು, ಹೆಚ್ಚೆಂದರೆ ಇಬ್ಬರು ಹತ್ತಿ. ದುಡ್ಡು ಕೊಡುವ ಮಾತೇ ಇಲ್ಲ, ಸೇವೆ ಉಚಿತ. ಡಿಸ್ಚಾರ್ಜ್ ಆದವರನ್ನು ಮನೆಗೆ ಬಿಡಲು 108 ಅಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ, ಮಗುವಿಗೆ ‘ನಗು-ಮಗು’ ಗಾಡಿ ಇದೆ, ಆಸ್ಪತ್ರೆಯಲ್ಲೇ ಕೇಳಿ.

“ಫೋನ್ ಮಾಡಿದರೆ ಕೋರ್ಟಿಗೆ ಅಲೆಯಬೇಕಾ?”

ಬೇಡ. ಅಪಘಾತದಲ್ಲಿ ಬಿದ್ದವರಿಗೆ ನೆರವಾದವರನ್ನು ಕಾಡಬಾರದು ಎಂಬ ನಿಯಮಗಳಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ನೆರವಾದವರು ಹೆಸರು, ವಿಳಾಸ ಹೇಳಲೇಬೇಕು ಎಂದು ಒತ್ತಾಯ ಮಾಡುವಂತಿಲ್ಲ. ಆಸ್ಪತ್ರೆಯ ಖರ್ಚು ನಿಮ್ಮ ತಲೆಗೆ ಬರುವುದಿಲ್ಲ. ರಸ್ತೆ ಅಪಘಾತದ ಗಾಯಾಳುವಿಗೆ 7 ದಿನಗಳ ತನಕ 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆಯ ಕೇಂದ್ರ ಯೋಜನೆ 2025ರಲ್ಲಿ ಬಂದಿದೆ. ಆಸ್ಪತ್ರೆಯಲ್ಲಿ ಅದನ್ನು ಹೆಸರು ಹಿಡಿದು ಕೇಳಿ.

ಗಡಿಯಲ್ಲಿ ಇರುವವರಿಗೆ, ಗುಳೆ ಹೋದವರಿಗೆ

ಇದನ್ನು ಬೇರೆ ಯಾರೂ ಹೇಳುವುದಿಲ್ಲ, ಆದರೆ ನಮಗೆ ಬೇಕು. ಶಕ್ತಿನಗರ, ದೇವಸೂಗೂರು ಕಡೆ ತೆಲಂಗಾಣ ಪಕ್ಕದಲ್ಲೇ ಇದೆ. ಸಿರುಗುಪ್ಪ, ಮೋಕಾ ಕಡೆ ಆಂಧ್ರ. ಫೋನ್ ಆಚೆಯ ಟವರ್ ಹಿಡಿದರೆ ನಿಮ್ಮ ಕರೆ ಆ ರಾಜ್ಯದ ಕೇಂದ್ರಕ್ಕೆ ಹೋಗಬಹುದು. ತೆಲುಗಿನಲ್ಲಿ ಮಾತು ಕೇಳಿಬಂದರೆ ಗಾಬರಿಯಾಗಿ ಕಟ್ ಮಾಡಬೇಡಿ. “ಕರ್ನಾಟಕ, ರಾಯಚೂರು ಜಿಲ್ಲೆ” ಎಂದು ಮೊದಲ ಮಾತಿನಲ್ಲೇ ಹೇಳಿ. ನಮ್ಮಲ್ಲಿ ತೆಲುಗು ಬಲ್ಲವರು ಮನೆಗೊಬ್ಬರು ಸಿಗುತ್ತಾರೆ, ಅವರ ಕೈಗೆ ಫೋನ್ ಕೊಡಿ. ಇನ್ನೊಬ್ಬರು ಬೇರೆ ಕಂಪನಿಯ ಸಿಮ್‌ನಿಂದ ಪ್ರಯತ್ನಿಸಲಿ. ಹತ್ತಿರದ ಪೊಲೀಸ್ ಠಾಣೆ, ಸರ್ಕಾರಿ ಆಸ್ಪತ್ರೆಯ ನಂಬರ್‌ಗಳನ್ನೂ ಗೋಡೆಯ ಚೀಟಿಗೆ ಸೇರಿಸಿ.

ಬೆಂಗಳೂರಿಗೆ ಗುಳೆ ಹೋಗಿದ್ದೀರಿ, ಊರಲ್ಲಿ ಅವ್ವಗೆ ಹುಷಾರಿಲ್ಲ ಎಂದು ಫೋನ್ ಬರುತ್ತದೆ. ಅಲ್ಲಿಂದಲೇ 108 ಹೊಡೆಯಬಹುದು, ರಾಜ್ಯ ಒಂದೇ. ಆದರೆ ಮೊದಲ ವಾಕ್ಯ ಹೀಗಿರಲಿ: “ನಾನು ಬೆಂಗಳೂರಿನಿಂದ ಮಾತಾಡ್ತಾ ಇದ್ದೀನಿ, ತೊಂದರೆ ಆಗಿರೋದು ಮಸ್ಕಿ ತಾಲ್ಲೂಕಿನಲ್ಲಿ.” ಆಮೇಲೆ ಅವ್ವನ ಪಕ್ಕದಲ್ಲಿ ಇರುವವರ ನಂಬರ್ ಕೊಡಿ. ಗೋವಾ, ಪುಣೆ, ಹೈದರಾಬಾದ್‌ನಲ್ಲಿ ಇದ್ದರೆ ನಿಮ್ಮ 112 ಆ ರಾಜ್ಯಕ್ಕೇ ಹೋಗುತ್ತದೆ. ಆಗ ಊರಲ್ಲಿರುವ ಒಬ್ಬರಿಂದ ಫೋನ್ ಮಾಡಿಸುವುದೇ ಬೇಗ. ಊರು ಬಿಡುವ ಮೊದಲು ಪಕ್ಕದ ಮನೆಯವರ, ಆಶಾ ಕಾರ್ಯಕರ್ತೆಯ ನಂಬರ್ ಬರೆದುಕೊಂಡು ಹೋಗಿ.

ತಪ್ಪಿ ಕರೆ ಹೋದರೆ, ಗಾಡಿ ತಡವಾದರೆ

ಜೇಬಿನಲ್ಲಿ ಬಟನ್ ಒತ್ತಿ ಕರೆ ಹೋದರೆ, ಮಗು ಆಡುತ್ತಾ ಹೊಡೆದರೆ, ಕಟ್ ಮಾಡಬೇಡಿ. “ತಪ್ಪಿ ಬಂತು, ಇಲ್ಲಿ ಏನೂ ತೊಂದರೆ ಇಲ್ಲ” ಎಂದು ಹೇಳಿ ಇಡಿ. ಯಾರೂ ಬೈಯಲು ಕೂತಿಲ್ಲ. ಬೇಕೆಂದೇ ಸುಳ್ಳು ಹೇಳಿ ಒಬ್ಬರ ಮೇಲೆ ಪೊಲೀಸರನ್ನು ಎತ್ತಿಕಟ್ಟುವುದು ಬೇರೆ ಮಾತು. ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ಪ್ರಕಾರ ಅದಕ್ಕೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ.

ಗಾಡಿ ತಡವಾದರೆ ಅದೇ ನಂಬರಿಗೆ ಮತ್ತೆ ಮಾಡಿ. ಹೊಸದಾಗಿ ಕಥೆ ಶುರು ಮಾಡಬೇಡಿ. “ಇಷ್ಟು ಗಂಟೆಗೆ ಇದೇ ಫೋನ್‌ನಿಂದ ಮಾಡಿದ್ದೆ” ಎನ್ನಿ, ಹಳೆಯದನ್ನು ಹುಡುಕಿ ಗಾಡಿ ಎಲ್ಲಿದೆ ಎಂದು ಹೇಳುತ್ತಾರೆ. ಪರಿಸ್ಥಿತಿ ಬದಲಾಗಿದ್ದರೆ ಅದನ್ನು ಹೇಳಿ, ಮೊದಲು ಎಚ್ಚರ ಇತ್ತು, ಈಗ ಇಲ್ಲ ಎನ್ನುವ ಹಾಗೆ. ಹತ್ತಿರ ಗಾಡಿ ಇಲ್ಲ ಎಂದು ಅವರೇ ಹೇಳಿದರೆ ಎಷ್ಟು ಹೊತ್ತು ಎಂದು ನೇರವಾಗಿ ಕೇಳಿ. ಊರಲ್ಲಿ ಸಿಗುವ ಕಾರು, ಟಂಟಂ ಅದಕ್ಕಿಂತ ಬೇಗ ಮುಟ್ಟುತ್ತದೆ ಎನಿಸಿದರೆ ಅವರಿಗೆ ತಿಳಿಸಿ ಹೊರಡಿ. ತಡವಾದದ್ದಕ್ಕೆ ದೂರು ಕೊಡಬೇಕೆಂದರೆ ಕರೆ ಮಾಡಿದ ಸಮಯ, ನಿಮ್ಮ ನಂಬರ್, ಗಾಡಿ ಬಂದ ಸಮಯ ಬರೆದಿಟ್ಟುಕೊಂಡು ಆಂಬುಲೆನ್ಸ್‌ಗಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ, ಪೊಲೀಸ್ ಗಾಡಿಗಾದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರವಣಿಗೆಯಲ್ಲೇ ಕೊಡಿ. ಫೋನ್‌ನ ಕಾಲ್ ಲಿಸ್ಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ದೂರಿನ ಜೊತೆ ಹಚ್ಚಿ.